ಸಮುದ್ರವಿಲ್ಲದ ಊರಿನಲ್ಲಿ ಹವಳದ ಗುರುತು

ನಾಸಿಕದಲ್ಲೇ ಹುಟ್ಟಿ ಬೆಳೆದ ನನ್ನ ತಂಗಿಯ ಮಗಳು ಈಚೆಗೆ ಫೋನ್ ಮಾಡಿ, ಹವಳಗಳ ಡಿಎನ್ಎ ನೋಡುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತೆಂದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಮಾತ್ರ ನಡುದಾರಿಯಲ್ಲಿ ಮರಾಠಿಗೆ ಜಾರುತ್ತಾಳೆ. "ಮೌಶಿ, ನೀವೂ ಹೇಚ್ ಕಾಮ್, ಇದ ಕೆಲಸ, ಮಾಡ್ತಿದ್ರಂತ ಅವ್ವ ಹೇಳಿದ್ಳು. ಆದ್ರ ನೀವಿದ್ದದ್ದು ಔರಂಗಾಬಾದದಾಗ. ಅಲ್ಲಿ ಸಮುದ್ರ ಎಲ್ಲದ?" ಎಂದು ನಕ್ಕಳು.

ಸಮುದ್ರ ಇರಲಿಲ್ಲ. ಈಗ ಛತ್ರಪತಿ ಸಂಭಾಜಿನಗರವಾಗಿರುವ ಆ ಊರಿನಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಾಯುತ್ತಿದ್ದೆವು. ಆದರೂ ನನ್ನ ದುಡಿಮೆಯ ಬದುಕೆಲ್ಲ ಹವಳದ ಜೊತೆಗೇ ಕಳೆಯಿತು. ಅವಳಿಗೂ ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ ಅದು ಹೇಗಿತ್ತೆಂದು ಹೇಳಬೇಕೆನಿಸಿ ಕೂತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾವ ಹುದ್ದೆಯಿಂದ ನಿವೃತ್ತಳಾದೆ ಎನ್ನುವುದು ಪಿಂಚಣಿ ಕಚೇರಿಗೆ ಗೊತ್ತಿದ್ದರೆ ಸಾಕು. ಇಲ್ಲಿ ಅದು ಬೇಡ.

ಎಂಬತ್ತರ ದಶಕದ ಆರಂಭ. ನಮ್ಮ ಯಜಮಾನರಿಗೆ ಹುಬ್ಬಳ್ಳಿಯಿಂದ ನಾಸಿಕ್ ರೋಡಿನ ಬ್ಯಾಂಕ್ ಶಾಖೆಗೆ ವರ್ಗವಾಯಿತು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದ್ದ ನಾನು ಮನೆಯಲ್ಲಿ ಕೂತು ಬೇಸತ್ತಿದ್ದೆ. ಔರಂಗಾಬಾದಿನ ಸಂಶೋಧನಾ ವಿಭಾಗವೊಂದರಲ್ಲಿ ಹವಳದ ಯೋಜನೆಗೆ ಸಹಾಯಕರು ಬೇಕೆಂದು ಪತ್ರಿಕೆಯಲ್ಲಿ ಬಂತು. ಸಂದರ್ಶನ ಮಾಡಿದವರು ವಿಭಾಗದ ಮುಖ್ಯಸ್ಥೆ ಸಬನೀಸ ಮೇಡಂ. ಬಿಳಿ ಕಾಟನ್ ಸೀರೆ, ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಭೂತಕನ್ನಡಿ. ನನ್ನ ಅಂಕಪಟ್ಟಿಯನ್ನು ನೋಡಲೇ ಇಲ್ಲ. ಎರಡು ಒಣ ಹವಳದ ತುಂಡು ತಂದು ನನ್ನ ಮುಂದಿಟ್ಟರು. ಒಂದು ಊಟದ ತಟ್ಟೆಯಂತೆ ಅಗಲವಾಗಿ ಹರಡಿದ್ದು. ಇನ್ನೊಂದು ಎಲೆಕೋಸಿನಂತೆ ಮಡಿಕೆ ಮಡಿಕೆಯಾಗಿ ಎದ್ದದ್ದು.

"ಇವೆರಡೂ ಒಂದೇನೋ, ಬ್ಯಾರೆ ಬ್ಯಾರೆನೋ?" ಎಂದರು. ಅವರ ತವರು ಬೆಳಗಾವಿ ಎಂದು ಆ ಒಂದು ಮಾತಿನಲ್ಲೇ ಗೊತ್ತಾಗಿ ನನ್ನ ಎದೆಬಡಿತ ಅರ್ಧ ಇಳಿಯಿತು.

"ನೋಡಿದ್ರ ಬ್ಯಾರೆ ಕಾಣಸ್ತಾವ್ರೀ. ಆದ್ರ ಬರೇ ನೋಡಿ ಹೆಂಗ ಹೇಳೂದು?"

"ನಾ ಬರೇ ನೋಡೇ ಹೇಳೀನಿ. ತಟ್ಟಿ ಹವಳ ಹೊಸಾ ಪ್ರಭೇದ ಅಂತ ಹೆಸರಿಟ್ಟಾಕೀ ನಾನ. ಎಷ್ಟೋ ಮಂದಿ ಒಪ್ಪೂದಿಲ್ಲ. ಅದು ನೆರಳಿನಾಗ ಬೆಳದ ಕೋಸಿನ ಹವಳ ಅಷ್ಟ ಅಂತಾರ. ಈಗ ವಂಶವಾಹಿ ನೋಡಿ ಹೇಳೂ ಪದ್ಧತಿ ಬಂದದ. ಅದನ್ನ ಇಲ್ಲಿ ಶುರು ಮಾಡಬೇಕು. ನೀ ಮಾಡ್ತೀಯೇನು?"

ಮಾಡುತ್ತೇನೆ ಎಂದೆ. ಹೇಗೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಹೊರಗಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹವಳ ಕಲ್ಲಲ್ಲ, ಗಿಡವಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಅಂಟಿಕೊಂಡು ಕೂತು ಕಟ್ಟಿಕೊಂಡ ಸುಣ್ಣದ ಮನೆ ಅದು. ಬೆಳಕು, ಅಲೆ, ಕೆಸರು ಹೇಗಿದೆಯೋ ಹಾಗೆ ಮನೆಯ ಆಕಾರ ಬದಲಾಗುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಬಂಗಲೆ, ಇನ್ನೊಬ್ಬ ಗುಡಿಸಲು ಕಟ್ಟಿಕೊಂಡರೆ ಅವರನ್ನು ಬೇರೆ ಕುಲ ಎನ್ನಲಾದೀತೆ? ಮನೆ ನೋಡಿದರೆ ಸಾಲದು, ಒಳಗಿನವರ ರಕ್ತ ನೋಡಬೇಕು. ನಮ್ಮ ಕಡೆ ಹೇಳುವಂತೆ, ಎರಡು ಗುಂಪಿನ ನಡುವೆ ಬೀಗತನ ನಡೆಯುತ್ತದೋ ಇಲ್ಲವೋ ಎಂದು ತಿಳಿಯಬೇಕು.

ಆಗ ಡಿಎನ್ಎ ಓದುವ ಯಂತ್ರ ನಮ್ಮ ಕನಸಿನಲ್ಲೂ ಇರಲಿಲ್ಲ. ಇದ್ದದ್ದು ಆಲೂಗಡ್ಡೆಯ ಪಿಷ್ಟ. ಅದನ್ನು ಕಾಸಿ ಗಂಜಿ ಮಾಡಿ ಅಗಲ ಅಚ್ಚಿಗೆ ಹುಯ್ದರೆ, ಆರಿದ ಮೇಲೆ ಹಾಲುಬಾಯಿಯಂತೆ ಗಟ್ಟಿಯಾಗುತ್ತಿತ್ತು. ಅದಕ್ಕೆ ಜೆಲ್ ಎನ್ನುತ್ತಿದ್ದೆವು. ಹವಳದ ಮಾಂಸ ಅರೆದು ಆ ರಸವನ್ನು ಕಾಗದದ ಚೂರಿಗೆ ಹೀರಿಸಿ ಅದರಲ್ಲಿ ಸಿಗಿಸಿ ವಿದ್ಯುತ್ ಹರಿಸುತ್ತಿದ್ದೆವು. ರಸದಲ್ಲಿನ ಕಿಣ್ವಗಳು ಮೆಲ್ಲಗೆ ತೆವಳುತ್ತಿದ್ದವು. ಕಿಣ್ವಗಳು ತಯಾರಾಗುವುದು ವಂಶವಾಹಿಯ ಹೇಳಿಕೆಯಂತೆ. ಹೇಳಿಕೆ ಬೇರೆಯಾದರೆ ಕಿಣ್ವ ಓಡುವ ದೂರವೂ ಬೇರೆ. ಕೊನೆಗೆ ಬಣ್ಣ ಹಾಕಿದರೆ ಕಿಣ್ವ ನಿಂತ ಜಾಗದಲ್ಲಿ ಪಟ್ಟೆ ಮೂಡಬೇಕು.

ಮೂಡಬೇಕು ಎಂದೆ. ತಿಂಗಳುಗಟ್ಟಲೆ ಮೂಡಲಿಲ್ಲ. ಗಂಜಿ ಒಮ್ಮೆ ಉಂಡೆಯಾಯಿತು, ಒಮ್ಮೆ ಸೀದಿತು. ಒಮ್ಮೆ ಕರೆಂಟು ಹೋಗಿ ಎಲ್ಲವೂ ಇದ್ದಲ್ಲೇ ಕಲಸಿಹೋಯಿತು. ಹಾಗಿರುವಾಗ ಒಂದು ಮಧ್ಯಾಹ್ನ ಬಿಳಿ ಹಾಳೆಯಂಥ ಜೆಲ್ ಮೇಲೆ ನೇರಳೆ ಬಣ್ಣದ ಗೆರೆ ಏಳತೊಡಗಿತು. ಮೊದಲು ಒಂದು, ಆಮೇಲೆ ಸಾಲುಸಾಲು. ನಾನು ಚಪ್ಪಲಿ ಹಾಕಿಕೊಳ್ಳದೆ ಕಾರಿಡಾರಿನಲ್ಲಿ ಓಡಿದೆ. ಮೇಡಂ ಪಾಠ ಮಾಡುತ್ತಿದ್ದರು. ಬಾಗಿಲಲ್ಲಿ ನಿಂತು "ಬಂತ್ರೀ!" ಎಂದಷ್ಟೇ ಕೂಗಿದೆ. ಅವರು ಸುಣ್ಣದ ಕಡ್ಡಿ ಕೆಳಗಿಟ್ಟು, ಇಡೀ ತರಗತಿಯನ್ನು ಕರೆದುಕೊಂಡು ಬಂದುಬಿಟ್ಟರು. ನೇರಳೆ ಗೆರೆಯ ಸುತ್ತ ಅಷ್ಟೂ ಜನ ಮೂಗು ಬಗ್ಗಿಸಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಪಟ್ಟೆ ಬರಬೇಕಾದರೆ ಹವಳ ಹಸಿಯಾಗಿರಬೇಕು, ಕೆಡಬಾರದು. ನಮ್ಮ ಹವಳ ಇದ್ದದ್ದು ಗುಜರಾತದ ಕಚ್ಛ್ ಕೊಲ್ಲಿಯಲ್ಲಿ. ಅಲ್ಲಿ ಇಳಿತದ ಹೊತ್ತಿಗೆ ಸಮುದ್ರ ಹಿಂದೆ ಸರಿಯುತ್ತದೆ, ಮೊಳಕಾಲುದ್ದ ನೀರಿನಲ್ಲಿ ನಡೆದೇ ಹೋಗಬಹುದು. ಅನುಮತಿ ಪಡೆದು, ಉಗುರಿನಷ್ಟು ಚೂರುಗಳನ್ನು ತೆಗೆದು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಮಂಜುಗಡ್ಡೆಯಲ್ಲಿ ಹುಗಿದು ತರುತ್ತಿದ್ದೆ. ಜಾಮನಗರದಿಂದ ಮುಂಬೈ, ಮುಂಬೈಯಿಂದ ನಾಸಿಕ್ ರೋಡ್, ಮುಂದೆ ಮನಮಾಡಿನಲ್ಲಿ ಇಳಿದು ಪುಟ್ಟ ಮೀಟರ್ ಗೇಜ್ ರೈಲಿನಲ್ಲಿ ಔರಂಗಾಬಾದ್.

ಒಂದು ಜೂನ್‌ನಲ್ಲಿ ರೈಲು ಇಗತಪುರಿಗೆ ಮುಂಚೆಯೇ ನಿಂತುಬಿಟ್ಟಿತು. ಘಾಟಿನಲ್ಲಿ ಮಣ್ಣು ಕುಸಿದಿತ್ತು. ಹೊರಗೆ ಮಳೆ ಹೊಡೆಯುತ್ತಿತ್ತು, ಒಳಗೆ ನನ್ನ ಡಬ್ಬಿಯಿಂದ ನೀರು ಹರಿದು ಪಕ್ಕದವರ ಹಾಸಿಗೆ ತೋಯುತ್ತಿತ್ತು. ಅಷ್ಟು ದೂರ ಹೋಗಿ ತಂದ ಜೀವ ಡಬ್ಬಿಯಲ್ಲೇ ಕೊಳೆಯುತ್ತದಲ್ಲ ಎಂದು ಅಳು ಬಂದಿತ್ತು. ಕೊನೆಗೂ ನಾಸಿಕ್ ರೋಡ್ ತಲುಪಿದಾಗ ಮುಂದಿನ ಗಾಡಿ ಹೋಗಿ ಎಷ್ಟೋ ಹೊತ್ತಾಗಿತ್ತು. ಸ್ಟೇಷನ್ ಎದುರಿಗೆ ಕುಂದಾಪುರದ ಶೆಟ್ಟರ ಶುದ್ಧ ಸಸ್ಯಾಹಾರಿ ಹೋಟೆಲ್ ಇತ್ತು. ನಾನು ವಾರವೆಲ್ಲ ಔರಂಗಾಬಾದಿನಲ್ಲೇ ಇರುತ್ತಿದ್ದುದರಿಂದ ನಮ್ಮ ಯಜಮಾನರು ಅಲ್ಲಿನ ಕಾಯಂ ಗಿರಾಕಿ, ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ನಾನು ಡಬ್ಬಿ ಹೊತ್ತು ನೇರ ಗಲ್ಲಾದ ಮುಂದೆ ಹೋಗಿ ನಿಂತೆ.

"ಶೆಟ್ರ, ನಿಮ್ಮ ಐಸ್‌ಕ್ರೀಮಿನ ಫ್ರಿಜ್ಜಿನಾಗ ಇದಿಷ್ಟು ಇಡ್ಲೇನ್ರೀ? ಮುಂಜಾನೆ ಒಯ್ತೀನಿ."

"ಎಂತದು ಮೇಡಂ ಇದು?"

"ಹವಳ."

ಶೆಟ್ಟರು ಮುಚ್ಚಳ ಎತ್ತಿ ಮೂಸಿದರು. ಕಡಲ ಮಗ್ಗುಲಲ್ಲಿ ಬೆಳೆದ ಮೂಗು, ಮೋಸ ಹೋಗಲಿಲ್ಲ. ದನಿ ತಗ್ಗಿಸಿ, "ಒಂದು ಮಾತು ಸತ್ಯ ಹೇಳಿ ಮೇಡಂ. ಇದು ವೆಜ್ಜಾ, ನಾನ್‌ವೆಜ್ಜಾ?" ಎಂದರು.

ವಿಜ್ಞಾನ ಓದಿದವಳು ಸುಳ್ಳು ಹೇಳಲಾರೆ. "ಪ್ರಾಣೀನ ರೀ. ಆದ್ರ ಯಾರೂ ತಿನ್ನೂದಿಲ್ಲ."

ಶೆಟ್ಟರು ಒಮ್ಮೆ ಗೋಡೆಯ ಮೇಲಿನ ದೇವರ ಪಟ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ನಮ್ಮ ಊರಲ್ಲಿ ಇಂಥ ಕಡಲ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳೀತಿದ್ರು. ಸುಣ್ಣ ಅಂತಲೇ ಇಡುವ, ಆಯ್ತಾ? ಯಾರು ಕೇಳಿದ್ರೂ ಸುಣ್ಣ" ಎಂದು, ಪಿಸ್ತಾ ಐಸ್‌ಕ್ರೀಮಿನ ಡಬ್ಬಿಗಳನ್ನು ಈಚೆಗೆ ತೆಗೆಸಿ ಜಾಗ ಮಾಡಿಕೊಟ್ಟರು. ಆ ಸಲದ ಪಟ್ಟೆಗಳು ನಾವು ಕಂಡ ಅತ್ಯಂತ ಸ್ಪಷ್ಟ ಪಟ್ಟೆಗಳಾದವು.

ಆದರೆ ಎಲ್ಲ ಸಲವೂ ಐಸ್‌ಕ್ರೀಮಿನ ಪುಣ್ಯ ನಂಬಿ ಕೂರಲಾಗದು. ಹೆಚ್ಚು ತಂಪು ಬೇಕಿತ್ತು. ನಾಸಿಕದಲ್ಲಿ ದನಗಳ ಕೃತಕ ಗರ್ಭಧಾರಣೆಯ ಕೇಂದ್ರವೊಂದಿತ್ತು. ಹೋರಿಯ ವೀರ್ಯವನ್ನು ಸಣ್ಣ ಕೊಳವೆಗಳಲ್ಲಿ ತುಂಬಿ, ದ್ರವ ಸಾರಜನಕದ ಕ್ಯಾನುಗಳಲ್ಲಿಟ್ಟು ತಾಲೂಕುಗಳಿಗೆ ಕಳಿಸುತ್ತಿದ್ದರು. ನಾನು ಹೋಗಿ ಬೇಡಿಕೊಂಡೆ. ಅಲ್ಲಿನ ಡಾಕ್ಟರರು ನಗುತ್ತಲೇ ಒಪ್ಪಿ ನನಗೂ ಒಂದು ಕ್ಯಾನು ಕೊಟ್ಟರು. ಹವಳಕ್ಕೆ ರಾಜಯೋಗ ಬಂದಂತಾಯಿತು.

ಹವಳದೊಂದಿಗೆ ಕಚ್ಛ್ ಕೊಲ್ಲಿಯಿಂದ ಮರಳಿದ ಒಂದು ಬೆಳಿಗ್ಗೆ ಕ್ಯಾನಿಗೆ ಮತ್ತೆ ಸಾರಜನಕ ತುಂಬಿಸಿ, ಕೇಂದ್ರದ ಕ್ಯಾನುಗಳ ಸಾಲಿನಲ್ಲಿಟ್ಟು, ಚಹಾ ಕುಡಿದು ಬಂದು ಎತ್ತಿಕೊಂಡೆ. ಬಸ್ ನಿಲ್ದಾಣದಲ್ಲಿ ಯಾಕೋ ಅನುಮಾನವಾಗಿ ಮುಚ್ಚಳ ತೆಗೆದರೆ ಒಳಗೆ ಹೋರಿಯ ಕೊಳವೆಗಳು! ಕೇಂದ್ರಕ್ಕೆ ಓಡಿ ವಿಚಾರಿಸಿದರೆ, ನನ್ನ ಹವಳದ ಕ್ಯಾನು ವ್ಯಾನು ಹತ್ತಿ ಸಟಾಣಾ ಎಂಬ ತಾಲೂಕಿನ ಊರಿಗೆ ಹೊರಟುಹೋಗಿತ್ತು. ಔರಂಗಾಬಾದಿನ ಬಸ್ಸು ಬಿಟ್ಟು ಸಟಾಣಾದ ಬಸ್ಸು ಹತ್ತಿದೆ. ಕ್ಯಾನಿನ ಬಾಯಿಂದ ಬಿಳಿ ಹೊಗೆ ಏಳುವುದನ್ನು ಕಂಡು ಕಂಡಕ್ಟರ್ ಹೌಹಾರಿ, "ಬಾಯಿ, ಹ್ಯಾತ್ ಕಾಯ್ ಆಹೆ?" ಅಂದರೆ, ಅಮ್ಮಾ, ಇದರಲ್ಲೇನಿದೆ ಎಂದ. "ಹೋರಿಗಳಿವೆ" ಎಂದೆ. ಆಮೇಲೆ ಯಾರೂ ನನ್ನ ಪಕ್ಕ ಕೂರಲಿಲ್ಲ.

ಸಟಾಣಾದ ಪಶುಚಿಕಿತ್ಸಾಲಯದ ಅಂಗಳಕ್ಕೆ ನಾನು ಓಡಿ ಬಂದಾಗ, ಕಟ್ಟಿದ ಹಸುವಿನ ಪಕ್ಕ ಡಾಕ್ಟರರು ಚಿಮಟದಲ್ಲಿ ನನ್ನ ಅಲ್ಯೂಮಿನಿಯಂ ಪೊಟ್ಟಣ ಹಿಡಿದು ಬಿಸಿಲಿಗೆ ತಿರುಗಿಸಿ ನೋಡುತ್ತಿದ್ದರು. ಹಸುವಿನ ಯಜಮಾನ ಒಬ್ಬ ಈರುಳ್ಳಿ ಬೆಳೆಗಾರ. "ಡಾಕ್ಟರ್ ಸಾಹೇಬ್, ಚಾಕಲೇಟ್ ಯಾಕೆ ತೆಗೆದ್ರಿ? ನಮ್ಮ ಗೌರಿ ಬೆದೆಗೆ ಬಂದಾಳೆ, ಹೊತ್ತು ಮೀರಿದರೆ ಮತ್ತೆ ಕಾಯಬೇಕು" ಎಂದು ಮರಾಠಿಯಲ್ಲಿ ಸಿಡುಕುತ್ತಿದ್ದ.

"ಅದನ್ನ ಬಿಡ್ರೀ! ನಿಮ್ಮದು ಇಲ್ಲಿ ಅದ!" ಎಂದು ನಾನು ಕನ್ನಡದಲ್ಲೇ ಕೂಗಿದೆ. ಭಾಷೆ ತಿಳಿಯದಿದ್ದರೂ ಕ್ಯಾನು ನೋಡಿ ಎಲ್ಲರಿಗೂ ತಿಳಿಯಿತು. ಗೌರಿಯ ಕೆಲಸ ಹೊತ್ತಿಗೆ ಸರಿಯಾಗಿ ಆಯಿತು, ನನ್ನ ಪೊಟ್ಟಣಗಳೂ ಗಡ್ಡೆ ಕಟ್ಟಿಕೊಂಡು ಕ್ಷೇಮವಾಗಿದ್ದವು. ಬೆಳೆಗಾರ ಆಮೇಲೆ ಗಂಭೀರವಾಗಿ ಕೇಳಿದ: "ಹವಳದ ಉಂಗುರ ಹಾಕಿದರೆ ಮಂಗಳ ಗ್ರಹ ಶಾಂತಿಯಾಗ್ತದೆ ಅಂತಾರೆ ಬಾಯಿ. ನಮ್ಮ ಗೌರಿಗೆ ಹವಳವನ್ನೇ ಹಾಕಿದ್ದರೆ ಏನಾಗುತ್ತಿತ್ತು?" ಮರುವರ್ಷ ಕೇಂದ್ರದ ಡಾಕ್ಟರರು ಸುದ್ದಿ ಹೇಳಿದರು. ಹೆಣ್ಣುಗರು ಹುಟ್ಟಿತಂತೆ, ಪೋವಳಿ ಎಂದು ಹೆಸರಿಟ್ಟರಂತೆ. ಮರಾಠಿಯಲ್ಲಿ ಪೋವಳೆ ಎಂದರೆ ಹವಳ.

ಇಷ್ಟೆಲ್ಲ ಓಡಾಡಿ ತಂದ ಹವಳಗಳು ಕೊನೆಗೆ ಮಾತಾಡಿದವು. ಕೋಸಿನ ಹವಳದ ಸಾಲಿನಲ್ಲೆಲ್ಲ ಒಂದು ದಟ್ಟ ಪಟ್ಟೆ. ತಟ್ಟೆ ಹವಳದ ಸಾಲಿನಲ್ಲಿ ಅದು ಇಲ್ಲವೇ ಇಲ್ಲ. ಅಂದರೆ ಎರಡೂ ಬೇರೆ, ಮೇಡಂ ಹೆಸರಿಟ್ಟ ಪ್ರಭೇದ ನಿಜ! ವಿಭಾಗದಲ್ಲಿ ಪೇಢೆ ಹಂಚಿದೆವು. ಮೇಡಂ ರಾಷ್ಟ್ರಮಟ್ಟದ ಸಮ್ಮೇಳನವೊಂದರಲ್ಲಿ ಇದನ್ನು ಮಂಡಿಸುವುದೆಂದು ಗೊತ್ತಾಯಿತು. ಅವರನ್ನು ಒಪ್ಪದವರೆಲ್ಲ ಅಲ್ಲಿ ಬರುವವರಿದ್ದರು.

ಹೊರಡುವ ಮುಂಚೆ ಚಂದದ ಫೋಟೊ ಬೇಕೆಂದು ಇನ್ನೊಂದು ಜೆಲ್ ಹಾಕಲು ಕೂತೆ. ಒಂದು ಕೋಸಿನ ಹವಳದ ಹೊರಮೈ ಚೂರು ಸಾಕಾಗಲಿಲ್ಲ. ಅದೇ ಹವಳದ ಒಳ ಮಡಿಕೆಯಲ್ಲಿ, ಬೆಳಕು ತಾಗದ ಕಡೆ ಬಿಳಿಚಿದ ಮಾಂಸವಿತ್ತು, ಅದನ್ನೂ ಅರೆದು ಪಕ್ಕದ ಸಾಲಿಗೆ ಹಾಕಿದೆ. ಬಣ್ಣ ಏರಿತು. ಹೊರಮೈ ಸಾಲಿನಲ್ಲಿ ದಟ್ಟ ಪಟ್ಟೆ ಇತ್ತು. ಒಳಮೈ ಸಾಲಿನಲ್ಲಿ ಇರಲಿಲ್ಲ. ಒಂದೇ ಹವಳದ ಹೊರ ಎಲೆ ನಾನು ಕೋಸು ಅಂದಿತು, ಒಳ ಮಡಿಕೆ ನಾನು ತಟ್ಟೆ ಅಂದಿತು!

ಆಗ ಹೊಳೆಯಿತು. ಹವಳದ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಬಿಸಿಲು ಬೀಳುವಲ್ಲಿ ಬಹಳ, ನೆರಳಿನಲ್ಲಿ ಕಡಿಮೆ, ತಟ್ಟೆ ಹವಳ ಬೆಳೆಯುವುದು ನೆರಳಿನಲ್ಲೇ. ಆ ದಟ್ಟ ಪಟ್ಟೆ ಹವಳದ್ದಲ್ಲ, ಪಾಚಿಯದು. ನಾವು ಮನೆ ಮಾಲೀಕನನ್ನು ಬಿಟ್ಟು ಬಾಡಿಗೆದಾರನ ರಕ್ತ ಪರೀಕ್ಷೆ ಮಾಡಿದ್ದೆವು.

ಸಂಜೆ ಜೆಲ್ಲನ್ನು ಟ್ರೇಯಲ್ಲಿಟ್ಟುಕೊಂಡು ಮೇಡಂ ಕೋಣೆಗೆ ಹೋದೆ. ಅವರು ಭಾಷಣ ತಿದ್ದುತ್ತಿದ್ದರು. ಹೇಳಿದೆ. ಭೂತಕನ್ನಡಿ ಹಿಡಿದು ಎರಡೂ ಸಾಲು ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, "ಮಾಲತಿ, ಇದನ್ನ ಬ್ಯಾರೆ ಯಾರಿಗರೆ ತೋರಿಸೀಯೇನು?"

"ಇಲ್ರೀ. ನಿಮಗ ಮೊದಲು."

"ಎಲ್ಲಾರಿಗೂ ತೋರಸು. ನಾಳೆ ಬೆಳಿಗ್ಗೆ ವಿಭಾಗದವ್ರನ್ನೆಲ್ಲ ಕರಿ. ಪೇಢೆ ತಿಂದವ್ರು ಇದನ್ನೂ ನೋಡಲಿ."

ಸಮ್ಮೇಳನಕ್ಕೆ ನನ್ನನ್ನೂ ಕರೆದೊಯ್ದರು. ವೇದಿಕೆ ಹತ್ತಿ, ಮೊದಲು ಕಂಡ ಫಲಿತಾಂಶ ತೋರಿಸಿದರು, ಮರುಕ್ಷಣವೇ ಅದು ಯಾಕೆ ತಪ್ಪು ಎಂದೂ ತೋರಿಸಿದರು. ಹಿರಿಯರೊಬ್ಬರು ಎದ್ದು ನಿಂತು, "ಹಾಗಾದರೆ ನಿಮ್ಮ ಪ್ರಭೇದ ಉಳಿಯಿತೋ ಹೋಯಿತೋ?" ಎಂದು ವ್ಯಂಗ್ಯವಾಗಿ ಕೇಳಿದರು. "ಇವತ್ತು ನನಗೆ ಗೊತ್ತಿಲ್ಲ. ಗೊತ್ತಾದ ದಿನ ನಾನೇ ಬಂದು ಹೇಳುತ್ತೇನೆ" ಎಂದು ಮೇಡಂ ಕೆಳಗಿಳಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ನನಗೆ ಮಾತ್ರ ಕೈ ನೋಯುವಷ್ಟು ಚಪ್ಪಾಳೆ ತಟ್ಟಬೇಕೆನಿಸಿತ್ತು. ಮರ್ಯಾದೆಗೆ ಅಂಜಿ ಸುಮ್ಮನೆ ಕೂತೆ.

ಮರಳಿ ಬಂದು ಮೊದಲಿನಿಂದ ಶುರು ಮಾಡಿದೆವು. ಅರೆದ ರಸವನ್ನು ಗಿರಗಿರ ತಿರುಗಿಸಿ, ಪಾಚಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಳಸುವುದು. ಪಾಚಿಯನ್ನೇ ಬೇರೆಯಾಗಿ ಒಂದು ಸಾಲಿಗೆ ಹಾಕಿ, ಅದರ ಪಟ್ಟೆ ಎಲ್ಲಿ ಬರುತ್ತದೆಂದು ಗುರುತು ಇಟ್ಟುಕೊಳ್ಳುವುದು. ತಂಗಿಯ ಮಗಳಿಗೆ ನಾನು ಹೇಳುವ ಬುದ್ಧಿಮಾತು ಇದೊಂದೇ: ಬಾಡಿಗೆದಾರನಿಗೆ ಯಾವಾಗಲೂ ಅವನದೇ ಒಂದು ಸಾಲು ಕೊಡು.

ಪಾಚಿ ತೊಳೆದ ಮೇಲೆ ತಟ್ಟೆ, ಕೋಸು ಎಂಬ ಭೇದ ಅಳಿಸಿಯೇ ಹೋಯಿತು. ಮೇಡಂ ಸೋತರು ಎಂದುಕೊಂಡೆ. ಆದರೆ ಒಂದು ಕಿಣ್ವದ ಜೆಲ್ ಮಾತ್ರ ವಿಚಿತ್ರವಾಗಿತ್ತು. ಕೆಲವು ಹವಳಗಳ ಪಟ್ಟೆ ಮೇಲೆ, ಕೆಲವುಗಳ ಪಟ್ಟೆ ಕೆಳಗೆ. ಎರಡು ಗುಂಪಿನಲ್ಲೂ ತಟ್ಟೆಗಳಿದ್ದವು, ಕೋಸುಗಳೂ ಇದ್ದವು. ಇನ್ನೊಂದು ಕಿಣ್ವ ಹಾಕಿದೆ, ಮತ್ತೆ ಅದೇ ಗುಂಪುಗಳು. ಇವು ಒಂದೇ ಹೊಂಡದಲ್ಲಿ, ಮಗ್ಗುಲು ಮಗ್ಗುಲಲ್ಲೇ ಬೆಳೆದವು. ಬೀಗತನ ಇದ್ದಿದ್ದರೆ ಎರಡೂ ಕಡೆಯ ಪಟ್ಟೆ ಹೊತ್ತ ಮಕ್ಕಳು ಹುಟ್ಟಬೇಕಿತ್ತು. ಅಂಥದು ಒಂದೂ ಇರಲಿಲ್ಲ.

"ಮೇಡಂ, ಎರಡು ಪ್ರಭೇದ ಅವ. ಖರೇನ ಅವ. ಆದ್ರ ತಟ್ಟಿ ಒಂದು, ಕೋಸು ಒಂದು ಅಂತಲ್ಲ. ನಾವು ಅಡ್ಡ ಕೊಯ್ದಿದ್ವಿ, ಅವು ಉದ್ದ ಸೀಳ್ಯಾವ!"

"ಹುಚ್ಚಿ" ಎಂದರು ಮೇಡಂ. "ಕಣ್ಣಿಗೆ ಒಂದ ಥರಾ ಕಾಣೂ ಕೋಸಿನಾಗ ಎರಡು ಪ್ರಭೇದ? ಮತ್ತೊಮ್ಮೆ ಮಾಡು."

ಮತ್ತೊಮ್ಮೆ ಮಾಡಿದೆ, ಮಗದೊಮ್ಮೆ ಮಾಡಿದೆ. ಅಷ್ಟರಲ್ಲಿ ತೊಂಬತ್ತರ ದಶಕ ಬಂತು. ನಮ್ಮ ಯಜಮಾನರಿಗೂ ಔರಂಗಾಬಾದಿಗೆ ವರ್ಗವಾಗಿ, ವಾರಕ್ಕೊಮ್ಮೆ ಬ್ಯಾಗು ಹೊತ್ತು ಮನೆಗೆ ಓಡುವುದು ತಪ್ಪಿತು. ಪಿಸಿಆರ್ ಎಂಬ ಹೊಸ ವಿದ್ಯೆಯೂ ಬಂತು. ಡಿಎನ್ಎಯ ಬೇಕಾದ ತುಣುಕನ್ನಷ್ಟೇ ಲಕ್ಷಗಟ್ಟಲೆ ನಕಲು ಮಾಡುವುದು. ಅದಕ್ಕೆ ಯಂತ್ರ ಬೇಕು, ನಮ್ಮಲ್ಲಿ ಇರಲಿಲ್ಲ. ಮೂರು ಪಾತ್ರೆಯಲ್ಲಿ ನೀರಿಟ್ಟೆವು. ಒಂದು ಕುದಿಯುವ ಹತ್ತಿರ, ಒಂದು ಸ್ನಾನದ ಬಿಸಿ, ಒಂದು ನಡುವಿನದು. ನಳಿಗೆಗಳ ಚೌಕಟ್ಟನ್ನು ಕೈಯಲ್ಲಿ ಹಿಡಿದು, ಗಡಿಯಾರ ನೋಡುತ್ತ ಒಂದರಿಂದ ಒಂದಕ್ಕೆ ಅದ್ದುತ್ತ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಲ್ಲುವುದು. ನಮ್ಮ ಯಜಮಾನರು ಊಟದ ಡಬ್ಬಿ ತಂದವರು ಬಾಗಿಲಲ್ಲೇ ನಿಂತು, "ಏನಿದು, ಬಣ್ಣಗಾರರಂಗ ಸೀರಿ ಅದ್ದಲಿಕ್ಹತ್ತೀರಿ?" ಎಂದರು. ಮೂಗು ತುರಿಸಿದರೂ ಕೈ ಬಿಡುವಂತಿರಲಿಲ್ಲ, ಅವರೇ ತುತ್ತು ಮಾಡಿ ಬಾಯಿಗಿಟ್ಟರು. ವಿಭಾಗದ ಹುಡುಗಿಯರೆಲ್ಲ ನೋಡಿ ಮುಸಿಮುಸಿ ನಕ್ಕರು. ನನಗೆ ನಾಚಿಕೆಯಾಗಲಿಲ್ಲ, ಹಸಿವಾಗಿತ್ತು.

ಡಿಎನ್ಎ ಕೂಡ ಅದನ್ನೇ ಹೇಳಿತು. ಅವೇ ಎರಡು ಗುಂಪು. ಒಂದು ಹವಳವೂ ಅತ್ತಿತ್ತ ಸರಿಯಲಿಲ್ಲ.

ಈಗ ಮೇಡಂ ನಂಬಿದರು. ನಂಬಿದ ಕೂಡಲೇ ಅವರಿಗೆ ಹೊಸ ಜ್ವರ ಹತ್ತಿತು. "ರಕ್ತ ಬ್ಯಾರೆ ಇದ್ದ ಮ್ಯಾಲೆ ಮನಿಯೊಳಗ ಎಲ್ಲೋ ಒಂದು ಕಡೆ ಗುರುತು ಇರಲೇಬೇಕು. ನೀ ಎಲ್ಲಾದ್ರದೂ ಸುಣ್ಣದ ಗೂಡು ಸ್ವಚ್ಛ ಮಾಡಿ, ಚೀಟಿ ಕಿತ್ತು, ಕಲಸಿ ಕೊಡು. ನಾ ವಿಂಗಡಸ್ತೀನಿ."

ಆಗ ಅವರ ನಿವೃತ್ತಿ ಹತ್ತಿರ ಬಂದಿತ್ತು. ಹಗಲೆಲ್ಲ ಕಿಟಕಿಯ ಬೆಳಕಿಗೆ ಕೂತು ಒಂದೊಂದೇ ಗೂಡನ್ನು ತಿರುಗಿಸಿ ನೋಡುವರು. ತಳದಲ್ಲಿ ನಾನು ಬರೆದ ಗುಟ್ಟಿನ ಅಂಕಿಯಿಂದ ಯಾವುದು ಯಾವ ಗುಂಪೆಂದು ನನಗೆ ಗೊತ್ತಿತ್ತು, ಹೇಳುವಂತಿರಲಿಲ್ಲ. ಮೊದಮೊದಲು ಅವರು ಮಾಡಿದ ರಾಶಿಗಳೆಲ್ಲ ತಪ್ಪು. ಒಂದು ದಿನ ಬೆಳಿಗ್ಗೆ ಹೋದಾಗ ಮೇಜಿನ ಮೇಲೆ ಎರಡು ರಾಶಿಗಳಿದ್ದವು. ಮೇಡಂ ಕೈಕಟ್ಟಿ ಕೂತಿದ್ದರು. ನಾನು ಒಂದೊಂದೇ ಎತ್ತಿ ನನ್ನ ಗುರುತಿನ ಜೊತೆ ತಾಳೆ ನೋಡುತ್ತ ಹೋದೆ. ಸರಿ. ಸರಿ. ಇದೂ ಸರಿ. ಕೊನೆಯದನ್ನು ಎರಡು ಸಲ ತಾಳೆ ನೋಡಿದೆ. ಅದೂ ಸರಿ.

"ಏನು ನೋಡಿದ್ರಿ?" ಎಂದು ಕೇಳಿದೆ.

"ಗೂಡಿನೊಳಗ ಒಂದೊಂದು ಪ್ರಾಣಿ ಕೂತ ಬಟ್ಟಲಿನ ನಡುವ ಒಂದು ಸಣ್ಣ ಕಂಬ ಅದ ನೋಡು. ಒಂದು ಗುಂಪಿನಾಗ ಜ್ವಾಳದ ಕಾಳಿನಂಗ ಗುಂಡಗ. ಇನ್ನೊಂದರಾಗ ಅವರಿ ಕಾಳಿನಂಗ ಚಪ್ಪಟಿ. ಜೀವನ ಪೂರ್ತಿ ನೋಡೀನಿ ಮಾಲತಿ, ಒಮ್ಮೆನೂ ಕಂಡಿರಲಿಲ್ಲ. ನೀ ಎರಡವ ಅಂದ ಮ್ಯಾಲೆ ಕಂಡ್ತು."

ಇನ್ನೊಂದು ಪ್ರಶ್ನೆ ಉಳಿದಿತ್ತು, ಅದನ್ನು ಎತ್ತಲು ಇಬ್ಬರಿಗೂ ಧೈರ್ಯವಿರಲಿಲ್ಲ. ಪ್ರಭೇದದ ಹೆಸರು ಅಂಟಿಕೊಂಡಿರುವುದು ಮೊತ್ತಮೊದಲು ಹೆಸರಿಟ್ಟ ಒಂದೇ ಒಂದು ಮಾದರಿಗೆ. ಕೋಸಿನ ಹವಳದ ಹಳೆಯ ಹೆಸರು ಗುಂಡು ಕಂಬದ ಗುಂಪಿಗೆ ಸೇರಿದ್ದೆಂದು ಹಳೆಯ ಚಿತ್ರಗಳಿಂದ ಗೊತ್ತಾಗಿತ್ತು. ಮೇಡಂ ಹೆಸರಿಟ್ಟ ತಟ್ಟೆ ಹವಳದಲ್ಲೂ ಕಂಬ ಗುಂಡಗಿದ್ದರೆ ಅವರ ಹೆಸರು ಅಳಿಯಿತು. ಚಪ್ಪಟೆಯಿದ್ದರೆ ಉಳಿಯಿತು. ಆ ಮಾದರಿ ಕಪಾಟಿನ ಗಾಜಿನ ಪೆಟ್ಟಿಗೆಯಲ್ಲಿತ್ತು.

"ನೀನ ನೋಡು" ಎಂದು ತಮ್ಮ ಭೂತಕನ್ನಡಿಯನ್ನು ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. "ನನ್ನ ಕಣ್ಣು ನನಗ ಬೇಕಾದ್ದನ್ನ ನೋಡ್ತದ."

ಪೆಟ್ಟಿಗೆ ತೆರೆದೆ. ಕಿಟಕಿಗೆ ಒಯ್ದೆ. ಒಂದು ಬಟ್ಟಲು, ಇನ್ನೊಂದು ಬಟ್ಟಲು, ಅಂಚಿನದು, ನಡುವಿನದು.

"ಅವರಿ ಕಾಳು ರೀ" ಎಂದೆ. "ಎಲ್ಲಾ ಅವರಿ ಕಾಳು!"

ಮೇಡಂ ಕುರ್ಚಿ ಹಿಡಿದುಕೊಂಡು ಕೂತರು. ಆಮೇಲೆ ನಗು ಬಂತು ಅವರಿಗೆ, ಕಣ್ಣಲ್ಲಿ ನೀರು ಬರುವಷ್ಟು. "ತಪ್ಪು ಕಾರಣಕ್ಕ ಸರಿ ಹೆಸರಿಟ್ಟಿದ್ದೆ ನೋಡು. ಇದನ್ನ ಹಿಂಗ ಬರೀಬೇಕು. ಕಾರಣ ತಪ್ಪಿತ್ತು ಅಂತ ಮೊದಲನೇ ಸಾಲಿನಾಗ ಬರಿ." ಹಾಗೆಯೇ ಬರೆದೆವು. ಕೊಟ್ಟ ಮಾತಿನಂತೆ ಅದೇ ಸಮ್ಮೇಳನಕ್ಕೆ ಹೋಗಿ, ಅದೇ ಮಾತನ್ನು ಅವರೇ ಹೇಳಿ ಬಂದರು.

ಮೇಡಂ ನಿವೃತ್ತರಾದ ಮೇಲೆ ಅದೇ ಊರಿನಲ್ಲಿ, ವಿಭಾಗದಿಂದ ತುಸು ದೂರದ ಬಡಾವಣೆಯಲ್ಲಿ ಮನೆ ಮಾಡಿದರು. ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿ ಅದ್ದುವ ಕಾಲ ಹೋಗಿ ಯಂತ್ರ ಬಂತು. ಚೂರುಗಳನ್ನು ಮದ್ಯಸಾರದ ಸೀಸೆಯಲ್ಲಿ ಹಾಕಿ ಕೈಚೀಲದಲ್ಲಿ ತರುವ ಸುಖವೂ ಬಂತು. ಕಚ್ಛದ ಇನ್ನೊಂದು ಕಡೆಯ ದಂಡೆಯಿಂದ ಹೊಸ ಚೂರುಗಳನ್ನು ತಂದು ಹಾಕಿದೆ. ಗುಂಡು ಕಂಬದವು ತಮ್ಮ ಸಾಲಿಗೆ, ಚಪ್ಪಟೆಯವು ತಮ್ಮ ಸಾಲಿಗೆ ಶಿಸ್ತಾಗಿ ನಿಂತವು. ನಡುವೆ ಒಂದು ಹವಳ ಮಾತ್ರ ಎರಡೂ ಕಡೆಯ ಪಟ್ಟೆ ತೋರಿಸಿತು.

ಸೀಸೆ ಕಲಸಿಹೋಗಿರಬೇಕೆಂದು ಹೊಸ ಚೂರಿನಿಂದ ಮಾಡಿದೆ. ಅವೇ ಎರಡು ಪಟ್ಟೆ. ಪಾಚಿಯ ಸಾಲು ನೋಡಿದೆ, ಅದರದಲ್ಲ. ಬೇರೊಂದು ತುಣುಕಿನ ಡಿಎನ್ಎ ನೋಡಿದೆ, ಅಲ್ಲೂ ಎರಡೂ ಕಡೆಯ ಗುರುತು. ಅದರ ಗೂಡನ್ನು ಕನ್ನಡಿಯಲ್ಲಿ ನೋಡಿದರೆ ಕಂಬ ಪೂರ್ತಿ ಗುಂಡಗೂ ಇಲ್ಲ, ಪೂರ್ತಿ ಚಪ್ಪಟೆಯೂ ಇಲ್ಲ.

ಮೇಡಂ ಮನೆಗೆ ಫೋನ್ ಮಾಡಿದೆ. "ಮೇಡಂ, ನಾವು ಆಗೂದ ಇಲ್ಲ ಅಂದಿದ್ದು ಆಗ್ಯದ್ರೀ. ಒಂದು ಬೀಗತನ ಆಗ್ಯದ!"

ಆ ಕಡೆ ಸದ್ದಿಲ್ಲ. ಲೈನು ಕಟ್ಟಾಯಿತೇನೋ ಎಂದು "ಹಲೋ, ಹಲೋ" ಎಂದೆ. ಉತ್ತರ ಬರಲಿಲ್ಲ. ಇಳಿವಯಸ್ಸಿನಲ್ಲಿ ಅವರು ಬರೆದದ್ದನ್ನು ನಾನೇ ಅಲುಗಾಡಿಸಿಬಿಟ್ಟೆನಲ್ಲ, ನೊಂದುಕೊಂಡರೇನೋ ಎಂದು ಕಳವಳವಾಯಿತು.

ಸ್ವಲ್ಪ ಹೊತ್ತಿಗೆ ಹೊರಗೆ ಆಟೊ ನಿಂತ ಸದ್ದು ಕೇಳಿಸಿತು. ಕಿಟಕಿಯಿಂದ ಇಣುಕಿದೆ. ಮೇಡಂ! ರಿಸೀವರನ್ನು ಸರಿಯಾಗಿ ಇಡದೆ ಹಾಗೇ ಎದ್ದು ಬಂದಿದ್ದರೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಉಟ್ಟ ಸೀರೆಯಲ್ಲೇ, ತಲೆಗೂದಲು ಗಾಳಿಗೆ ಕೆದರಿದಂತೆಯೇ, ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಿದ್ದರು. ಏದುಸಿರು ಬಿಡುತ್ತ ಬಾಗಿಲಿಗೆ ಬಂದವರ ಮುಖ ಹೊಸದಾಗಿ ಕಾಲೇಜು ಸೇರಿದ ಹುಡುಗಿಯ ಮುಖದಂತಿತ್ತು.

"ಎಲ್ಲದ ಅದು? ತೋರಸು" ಎಂದರು. "ಹಂಗಾದ್ರ ನಾವು ಬರದದ್ದೆಲ್ಲಾ ಮತ್ತ ತಿದ್ದಬೇಕಲ್ಲ! ಸರಿ, ಸ್ಟೂಲ್ ಕೊಡು ನನಗ."